ಪಾಲಮ್ಮನ ‘ಹೂಂ’

ಹಿರಿಯೂರು
೧೮ ನವೆಂಬರ್ ೨೦೨೪

ನನ್ನ ಮುದ್ದಿನ ಮಂಗಳಾ,

ಅಮ್ಮನ ಆಶೀರ್ವಾದ. ಕೆಮ್ಮು ಹೋಯಿತೇ? ದಾವಣಗೆರೆಯ ಹಾಸ್ಟೆಲ್‌ನಲ್ಲಿ ಬಿಸಿನೀರು ಸಿಗುತ್ತಿದೆಯೇ? ನರ್ಸಿಂಗ್ ಓದುವವಳೇ ಮಾತ್ರೆ ಮರೆತರೆ ಊರಿಗೆ ಬುದ್ಧಿ ಹೇಳುವವರು ಯಾರು! ವಾಟ್ಸಾಪ್‌ನಲ್ಲಿ ಬರೆದರೆ ಒಂದು ಹೆಬ್ಬೆರಳು ತೋರಿಸಿ ಮುಗಿಸುತ್ತೀಯೆ, ಅದಕ್ಕೇ ಈ ಕಾಗದ. ನಿನ್ನಪ್ಪನಿಗೆ ಮಂಡಿನೋವು. ಮನೆಯಲ್ಲೇ ನರ್ಸ್ ಇದ್ದಾಳೆಂಬ ಧೈರ್ಯಕ್ಕೆ ನಡೆಯುವುದನ್ನೂ ಬಿಟ್ಟಿದ್ದಾರೆ.

ಹೋದ ಗುರುವಾರ ನಮ್ಮ ತುರ್ತು ಚಿಕಿತ್ಸಾ ವಿಭಾಗಕ್ಕೆ ಜವನಗೊಂಡನಹಳ್ಳಿ ಕಡೆಯಿಂದ ಪಾಲಮ್ಮ ಎಂಬಾಕೆಯನ್ನು ಕರೆತಂದರು. ಕುಡುಗೋಲು ತಾಗಿದ ಕಾಲು ಕೀವಾಗಿ ಮೈ ಸುಡುತ್ತಿತ್ತು. ಡಾಕ್ಟರು ಒಂದು ಇಂಜೆಕ್ಷನ್ ಬರೆದರು. ಕೊಡುವ ಮೊದಲು ಕೇಳಿದ್ದೂ ಆಯಿತು: ‘ಯಾವ ಇಂಜೆಕ್ಷನ್ನೂ ಒಗ್ಗದೆ ಹೋಗಿಲ್ಲ ತಾನೇ?’ ಪಾಲಮ್ಮ ‘ಹೂಂ’ ಎಂದಳು. ನಮ್ಮ ಕಿರಿಯ ನರ್ಸ್ ಹೇಮಾವತಿ ಕೊಟ್ಟಳು. ಐದೇ ನಿಮಿಷದಲ್ಲಿ ಮೈಯೆಲ್ಲ ದದ್ದು, ತುಟಿ ಊದಿ ಉಸಿರು ಸಿಕ್ಕಿಕೊಂಡಿತು. ಡಾಕ್ಟರು ಓಡಿಬಂದು ತೊಡೆಗೆ ಅಡ್ರಿನಲಿನ್ ಕೊಟ್ಟರು, ದೇವರು ದೊಡ್ಡವನು, ಉಳಿದಳು. ಮರುದಿನ ಅವಳೇ ಹೇಳಿದಳು, ‘ಹೊಸದುರ್ಗದಾಗೆ ಒಂದ್ಸಲ ಹಿಂಗೇ ಬಾಯಿ ಊದಿತ್ತು ಕಣವ್ವ. ನೀವು ಹೇಳೋದು ಕೇಳ್ತಾ ಐತೆ ಅಂತ ಹೂಂ ಅಂದೆ.’

ಯೋಚಿಸಿದರೆ ಅವಳದೇನು ತಪ್ಪು? ಕಥೆ ಕೇಳುವಾಗ ಹೂಂಗುಟ್ಟದಿದ್ದರೆ ಹೇಳುವವರಿಗೆ ಅವಮಾನ ಎಂದು ಕಲಿತ ಜನ ನಾವು. ಚಿಕ್ಕವಳಿದ್ದಾಗ ನೀನು ನಿದ್ದೆಯಲ್ಲೂ ಹೂಂ ಎನ್ನುತ್ತಿದ್ದೆ. ಶನಿವಾರ ಚಿತ್ರದುರ್ಗದಿಂದ ತರಬೇತಿ ಕೊಡಲು ಬಂದ ಲಕ್ಷ್ಮೀಕಾಂತ್ ಅವರು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದರು: ‘ಹೂಂ ಎಂಬುದು ಉತ್ತರವಲ್ಲ.’ ‘ನಿಮ್ಮ ಹೆಸರು ಪಾಲಮ್ಮನಾ ಅಂತ ಕೇಳ್ಬೇಡ್ರಿ, ಹೆಸರೇನು ಅಂತ ಕೇಳ್ರಿ. ಯಾವ ಔಷಧಿ ಒಗ್ಗಲ್ಲ, ಆಗ ಏನಾಯ್ತು, ಅವರ ಬಾಯಲ್ಲೇ ಹೇಳಿಸ್ರಿ’ ಎಂದರು. ಹೋದ ದೀಪಾವಳಿಗೆ ಬಂದಾಗ ನೀನೂ ಇದನ್ನೇ ಹೇಳಿದ್ದೆ. ಇಪ್ಪತ್ತಮೂರು ವರ್ಷ ಸೂಜಿ ಹಿಡಿದವಳಿಗೆ ಪಾಠ ಮಾಡಬೇಡ ಎಂದು ನಾನು ನಕ್ಕಿದ್ದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಹೇಮಾವತಿಯದೇ ಚಿಂತೆ. ನಿನಗಿಂತ ಎರಡು ವರ್ಷ ದೊಡ್ಡವಳು, ಗುತ್ತಿಗೆ ಕೆಲಸ. ಸರಿಯಾಗಿ ವಿಚಾರಿಸದೆ ಇಂಜೆಕ್ಷನ್ ಕೊಟ್ಟಳೆಂದು ಸೂಪರಿಂಟೆಂಡೆಂಟ್ ಮೇಡಂ ಅವಳಿಗೆ ಮೆಮೊ ಟೈಪ್ ಮಾಡಿಸುತ್ತಿದ್ದಾರೆ. ಅದು ಕೈಗೆ ಬಂದರೆ ಮುಂದಿನ ತಿಂಗಳು ಕೆಲಸ ಮುಂದುವರಿಯುವುದಿಲ್ಲ. ಮೂರು ದಿನದಿಂದ ಹುಡುಗಿ ಡಬ್ಬಿ ಬಿಚ್ಚಿ ಹಾಗೇ ಮುಚ್ಚುತ್ತಾಳೆ. ನನಗೂ ಊಟ ಸೇರುತ್ತಿಲ್ಲ.

ಚಳಿ ಶುರುವಾಗಿದೆ, ಸ್ವೆಟರ್ ಹಾಕಿಕೋ. ಹಾಸ್ಟೆಲ್ ಗೆಳತಿಯರಿಗೆ ನನ್ನ ನೆನಪು ಹೇಳು. ಚೆನ್ನಾಗಿ ಓದಿ ನನಗಿಂತ ಒಳ್ಳೆಯ ನರ್ಸ್ ಆಗು.

ನಿನ್ನ ಅಮ್ಮ,
ಅನುಸೂಯ

ಮರೆತ ಮಾತು: ಮರೆತದ್ದೆಲ್ಲಿ, ಬರೆಯಲು ಧೈರ್ಯವಾಗಿರಲಿಲ್ಲ. ಪಾಲಮ್ಮನನ್ನು ಹಾಗೆ ಕೇಳಿದವಳು ನಾನು. ‘ಇನ್ನೊಂದ್ಸಲ ಕೇಳ್ಲಾ ಅಕ್ಕಾ?’ ಎಂದಳು ಹೇಮಾವತಿ. ‘ಹೂಂ ಅಂದ್ಲಲ್ಲ, ಕೊಡೇ’ ಎಂದು ಗದರಿದೆ. ಆ ಹುಡುಗಿ ಇದುವರೆಗೂ ಯಾರ ಮುಂದೆಯೂ ನನ್ನ ಹೆಸರೆತ್ತಿಲ್ಲ. ಕಾಗದ ಅಂಟಿಸುವ ಮೊದಲು ಮೇಡಂ ಹತ್ತಿರ ಹೋಗಿ ಎಲ್ಲವನ್ನೂ ಬರೆದು ಸಹಿ ಹಾಕಿ ಬಂದೆ. ಮೆಮೊ ಇನ್ನು ನನಗೆ. ನಾಳೆ ಮತ್ತೆ ತರಬೇತಿ ಇದೆ, ಅಲ್ಲಿ ಎಲ್ಲರೆದುರು ಹೇಳಬೇಕು. ಮಂಗಳಾ, ನಾಳೆ ನಿನ್ನನ್ನೂ ಯಾರಾದರೂ ಹಿರಿಯರು ಹೀಗೆ ಗದರುತ್ತಾರೆ. ಅದು ನಾನೇ ಆದರೂ ಸರಿ, ಕೊಡಬೇಡ. ಇನ್ನೊಂದು ಸಲ ಕೇಳು.