ಸ್ಟಾಪಿಲ್ಲದ ಕಡೆ ನಿಂತ ಬಸ್ಸು

ಡಿಸೆಂಬರ್ 20

ನನ್ನ ದೊಡ್ಡ ಮಗಳಿಗೆ,

ಅಪ್ಪನ ಪ್ರೀತಿಯ ನೆನಪುಗಳು. ನಿನ್ನ ಪತ್ರ ಬಂದು ತುಂಬಾ ದಿನವಾಯಿತು. ಉತ್ತರ ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ಡ್ಯೂಟಿ ಮುಗಿಸಿ ಬಂದರೂ ಸ್ಟೇರಿಂಗಿನ ನಡುಕ ಕೈಯಲ್ಲೇ ಇರುತ್ತದೆ, ಬರೆದದ್ದು ಕೋಳಿ ಕೆದಕಿದ ಹಾಗೆ ಕಾಣುತ್ತದೆ. ಈಗ ಬಿಡುವೋ ಬಿಡುವು. ಯಾಕೆಂದು ಮುಂದೆ ಹೇಳುತ್ತೇನೆ, ಗಾಬರಿಯಾಗಬೇಡ. ಹಬ್ಬಕ್ಕೆ ನರ್ಸುಗಳಿಗೆ ರಜೆ ಕೊಡುವುದಿಲ್ಲ ಎಂದು ಬರೆದಿದ್ದೀಯ. ಇರಲಿ. 'ನಾವೆಲ್ಲ ಇಲ್ಲಿ ಕ್ಷೇಮ' ಎಂದು ಶುರುಮಾಡುವುದು ವಾಡಿಕೆ. ಈ ಸಲ ಹಾಗೆ ಬರೆಯುವುದಿಲ್ಲ. ನನಗೂ ಅಮ್ಮನಿಗೂ ಮೈ ನೆಟ್ಟಗಿದೆ, ಅಷ್ಟು ತಿಳಿದುಕೋ.

ನಿನ್ನ ತಂಗಿ ಹೋದಾಗಿನಿಂದ ಮನೆಯಲ್ಲಿ ಹೊಲಿಗೆ ಯಂತ್ರದ್ದೊಂದೇ ಸದ್ದು. ಅವಳಿಗೆ 'ಗಲಾಟೆ' ಎಂದು ಹೆಸರಿಟ್ಟವರು ನಾವೇ ತಾನೇ? ಅದಿಲ್ಲದ ಮನೆ ಹೇಗಿರುತ್ತದೆಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಅಮ್ಮ ಊರಿನವರ ಮಕ್ಕಳಿಗೆಲ್ಲ ಕ್ರಿಸ್‌ಮಸ್ ಫ್ರಾಕು ಹೊಲಿಯುತ್ತಿದ್ದಾಳೆ. ಅಳತೆ ಕೊಡಲು ಬಂದವರು 'ಎಲ್ಲಾ ದೇವರ ಚಿತ್ತ' ಎನ್ನುತ್ತಾರೆ. ಅವಳು ದಾರ ಕಚ್ಚಿ ತುಂಡರಿಸಿ ಅಳತೆ ಬರೆದುಕೊಳ್ಳುತ್ತಾಳೆ. ನಾನು ಮನೆಯಲ್ಲಿದ್ದರೆ, ದೇವರು ಅದನ್ನು ನಿಮ್ಮ ಹತ್ತಿರ ಯಾವಾಗ ಹೇಳಿದ ಎಂದು ಕೇಳಿಬಿಡುತ್ತೇನೆ. ಹಾಗಾಗಿ ಸಮಾಧಾನ ಹೇಳುವವರು ಈಗೀಗ ನಾನಿಲ್ಲದ ಹೊತ್ತು ನೋಡಿ ಬರುತ್ತಾರೆ.

ತಿಂಗಳು ಹುಟ್ಟುತ್ತಲೇ ಅಮ್ಮ ಸ್ಟೂಲು ಹತ್ತಿ ಬಾಗಿಲ ಮೇಲೆ ನಕ್ಷತ್ರದ ದೀಪ ಕಟ್ಟಿದಳು. ಈ ವರ್ಷ ಬೇಡವೇನೋ ಎಂದೆ. "ಕ್ಯಾರಲ್ ಹಾಡೋರು ಮನೆಮನೆಗೆ ಬರ್ತಾರಲ್ಲ, ಅವರನ್ನ ಕತ್ತಲಲ್ಲಿ ನಿಲ್ಲಿಸೋಕಾಗುತ್ತಾ?" ಎಂದಳು. ಹೊಲಿಗೆ ಯಂತ್ರವನ್ನೂ ಬಾಗಿಲ ಕಡೆಗೆ ತಿರುಗಿಸಿಕೊಂಡಳು. ಸಂಜೆಯಾದರೆ ಬಾಗಿಲು ತೆರೆದಿಟ್ಟು ಕೆಲಸಕ್ಕೆ ಕೂರುತ್ತಿದ್ದಳು. ಚಳಿ ಒಳಗೆ ನುಗ್ಗುತ್ತದೆ ಎಂದರೆ, ನುಗ್ಗಲಿ ಬಿಡಿ ಎನ್ನುತ್ತಿದ್ದಳು.

ಮೊನ್ನೆ ಸಂಜೆ ಕ್ಯಾರಲ್ ತಂಡದವರು ನನ್ನ ಬಸ್ಸನ್ನೇ ಹತ್ತಿದರು. ಗಿಟಾರು, ಡ್ರಮ್ಮು, ಕೆಂಪು ಟೋಪಿ, ಎಲ್ಲವೂ ಇತ್ತು. ಗಲಾಟೆಯ ಜೊತೆ ಹಾಡುತ್ತಿದ್ದ ಹುಡುಗಿಯರು ನನ್ನನ್ನು ಕಂಡು ತಲೆ ತಗ್ಗಿಸಿದರು. ಸಿಗ್ನಲಿನಲ್ಲಿ ನಿಂತಾಗ ಹಾಡಿನ ಮೇಷ್ಟ್ರು ನನ್ನ ಸೀಟಿನ ಪಕ್ಕ ಬಗ್ಗಿ, ಈ ಸಲ ನಿಮ್ಮ ಮನೆಗೆ ತೊಂದರೆ ಕೊಡುವುದಿಲ್ಲ ಅಣ್ಣಾ ಎಂದರು. ಸಾವಾದ ಮನೆ, ಒಂದು ವರ್ಷ ಅಲ್ಲಿ ಹಾಡುವುದು ಬೇಡ ಎಂದು ಚರ್ಚ್ ಕಮಿಟಿಯಲ್ಲಿ ಮಾತಾಯಿತಂತೆ, ಪಾದ್ರಿಯವರೂ ಹೂಂ ಅಂದರಂತೆ. ಕೆಟ್ಟ ಮನುಷ್ಯನಲ್ಲ ಆತ. ನನಗೆ ಉಪಕಾರವಾಗುತ್ತದೆ ಎಂದೇ ಹೇಳುತ್ತಿದ್ದರು.

ಹಸಿರು ದೀಪ ಬಂತು. ನಮ್ಮ ಬೀದಿಗೆ ತಿರುಗಿದೆ. ನಮ್ಮ ಮನೆಯ ಮುಂದೆ ಸ್ಟಾಪಿಲ್ಲ, ನಿನಗೆ ಗೊತ್ತು. ಇಷ್ಟು ವರ್ಷ ಆ ಬಾಗಿಲನ್ನು ಹಾದುಹೋಗಿದ್ದೇನೆಯೇ ಹೊರತು ಒಂದು ದಿನವೂ ನಿಲ್ಲಿಸಿದವನಲ್ಲ. ಮೊನ್ನೆ ದೂರದಿಂದಲೇ ನಕ್ಷತ್ರ ಕಾಣಿಸಿತು, ಅದರ ಕೆಳಗೆ ತೆರೆದ ಬಾಗಿಲು. ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತೆಂದು ಸುಳ್ಳು ಹೇಳುವುದಿಲ್ಲ. ಗೊತ್ತಿದ್ದೇ ಒತ್ತಿದೆ. ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ, ಎದ್ದು ನಿಂತೆ.

"ಇಳೀರಿ," ಎಂದೆ ಮೇಷ್ಟ್ರಿಗೆ. "ಬಾಗಿಲು ತೆಗೆದಿಟ್ಟು ಕೂತಿದಾಳೆ ನನ್ನ ಹೆಂಡತಿ. ಯೇಸು ಹುಟ್ಟಿದ ಸುದ್ದಿ ನಗೋ ಮನೆಗಳಿಗೆ ಮಾತ್ರ ಅಂತ ಎಲ್ಲಿ ಬರೆದಿದೆ, ತೋರಿಸಿ. ತೋರಿಸಿದರೆ ಬಸ್ಸು ಬಿಡ್ತೀನಿ."

ಕಂಡಕ್ಟರು ಸೀಟಿ ಊದಿ ಊದಿ ಸುಸ್ತಾದ. ಹಿಂದಿನ ಸೀಟಿನಲ್ಲಿದ್ದ ಟೈ ಕಟ್ಟಿದ ಮಹಾಶಯ ದೂರು ಕೊಡುತ್ತೇನೆಂದು ಎದ್ದ. ಪುಣ್ಯಾತ್ಮ, ಹೇಳಿದಂತೆ ಕೊಟ್ಟ ಕೂಡ. ಅವನ ಪಕ್ಕದಲ್ಲಿದ್ದ ಮುದುಕಿ, ಯಾರ ಪೈಕಿಯೋ ಏನೋ, ಕೈಚೀಲ ಎತ್ತಿಕೊಂಡು ಎಲ್ಲರಿಗಿಂತ ಮೊದಲು ಇಳಿದಳು. ಅವಳ ಹಿಂದೆ ಹುಡುಗಿಯರು ಇಳಿದರು.

ಅಮ್ಮ ಬಾಗಿಲಿಗೆ ಬಂದಳು. ಕೊರಳಲ್ಲಿ ಅಳತೆ ಟೇಪು, ತುಟಿಯ ನಡುವೆ ಗುಂಡುಪಿನ್ನುಗಳು. ಒಂದೊಂದನ್ನೇ ತೆಗೆದು ಟೇಪಿಗೆ ಚುಚ್ಚಿಕೊಂಡು ನೆಟ್ಟಗೆ ನಿಂತಳು. ಅವರು ಹಾಡಿದರು. ಚೆನ್ನಾಗಿ ಹಾಡಿದರೆಂದು ಹೇಳಲಾರೆ. ಗಲಾಟೆಯ ದನಿ ಇರಬೇಕಾದ ಜಾಗ ಬಂದಾಗ ಹಾಡಿಗೇ ಒಂದು ಗುಂಡಿ ಬಿತ್ತು. ಒಬ್ಬ ಹುಡುಗಿ ಅಳತೊಡಗಿದಳು. ಹೇಗೋ ಮುಗಿಸಿ, ಮುಂದೇನೆಂದು ತೋಚದೆ ಎಲ್ಲರೂ ಮೇಷ್ಟ್ರ ಮುಖ ನೋಡಿದರು.

"ಇನ್ನೊಂದು ಹಾಡಿ," ಎಂದಳು ಅಮ್ಮ.

ಇನ್ನೊಂದು ಹಾಡಿದರು. ಅಷ್ಟೇ ನಡೆದದ್ದು.

ಅದಕ್ಕೇ ಈಗ ಬಿಡುವು. ವಿಚಾರಣೆ ಮುಗಿಯುವವರೆಗೆ ಡಿಪೋದ ಕಡೆ ತಲೆಹಾಕಬೇಡ ಎಂದಿದ್ದಾರೆ. ನನಗೇನೂ ಪಶ್ಚಾತ್ತಾಪವಿಲ್ಲ. ನಿನ್ನೆ ಪಾದ್ರಿಯವರು ಬಂದು, ಕಮಿಟಿಗೆ ಒಂದು ಕ್ಷಮಾಪಣೆ ಹೇಳಿದರೆ ಎಲ್ಲಾ ಸರಿಹೋಗುತ್ತದೆ ಎಂದರು. ಹೇಳುವುದಿಲ್ಲ ಎಂದೆ. ದೇವರ ಮೇಲೆ ಇಷ್ಟು ಕೋಪ ಇಟ್ಟುಕೊಂಡು ಹಬ್ಬದ ಆರಾಧನೆಗೆ ಹೇಗೆ ಬರುತ್ತೀರಿ ಎಂದು ಕೇಳಿದರು.

"ಕೋಪ ಇರೋದಕ್ಕೇ ಬರ್ತೀನಿ ಅಯ್ಯನೋರೆ," ಎಂದೆ. "ಗುರುತು ಪರಿಚಯ ಇಲ್ಲದವನ ಮೇಲೆ ಯಾರಾದರೂ ಕೋಪ ಮಾಡ್ಕೋತಾರಾ?"

ಅವರು ಅಮ್ಮ ಕೊಟ್ಟ ಟೀ ಕುಡಿದು, ಹೊರಡುವಾಗ ನನ್ನ ಭುಜ ತಟ್ಟಿದರು.

ಮಗಳೇ, ನಾನು ಓದಿದವನಲ್ಲ. ಆದರೆ ಗೋದಲಿಯಲ್ಲಿ ಮಲಗಿದ ಆ ಕೂಸಿಗೆ ಹುಟ್ಟಲು ಯಾರ ಮನೆಯಲ್ಲೂ ಜಾಗ ಸಿಗಲಿಲ್ಲ, ಹುಟ್ಟಿದ ಮೇಲೆ ಕೊಲ್ಲಲು ಜನ ಹುಡುಕಿಕೊಂಡು ಬಂದರು. ಅಂಥ ಹಬ್ಬವನ್ನು ಸುಖವಾಗಿರುವವರಷ್ಟೇ ಮಾಡಬೇಕೆಂದರೆ ನಾನು ಒಪ್ಪುವವನಲ್ಲ. ಗಲಾಟೆಯನ್ನು ಯಾಕೆ ಕರೆದುಕೊಂಡೆ ಎಂದು ಅವನನ್ನು ಕೇಳುತ್ತಲೇ ಇರುತ್ತೇನೆ. ಅವನ ಪರವಾಗಿ ಬೇರೆಯವರು ಕೊಡುವ ಉತ್ತರ ನನಗೆ ಬೇಡ. ಆ ಗೋದಲಿಯ ಮುಂದೆ ನನ್ನ ಕೋಪ ಇಳಿಯುವುದಿಲ್ಲ. ಅಲ್ಲಿಂದ ಎದ್ದು ಬರಲು ಮನಸ್ಸೂ ಆಗುವುದಿಲ್ಲ. ಇದಕ್ಕೆ ನಂಬಿಕೆ ಎನ್ನಬಹುದಾದರೆ ನನ್ನಲ್ಲಿ ಅದಿದೆ, ಮೊದಲಿಗಿಂತ ಜಾಸ್ತಿಯೇ ಇದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ರೋಗಿಗಳ ಕಾಟಕ್ಕೆ ಸಿಡುಕಬೇಡ. ನಿನ್ನ ಕೈಗೆ ಬಂದವರೆಲ್ಲ ವಾಸಿಯಾಗಿ ಮನೆ ಸೇರಲಿ, ನಿನ್ನ ನೆತ್ತಿಯ ಮೇಲೆ ದೇವರ ಕೈ ಇರಲಿ. ನನ್ನ ಜಗಳ ನನ್ನದು, ನಿನಗಾಗಿ ಬೇಡಿಕೊಳ್ಳುವುದನ್ನು ಬಿಟ್ಟಿಲ್ಲ.

ಇತಿ,
ನಿನ್ನ ಅಪ್ಪ

ಮತ್ತೆ: ಲಕೋಟೆಗೆ ಹಾಕಿದ್ದನ್ನು ಹೊರಗೆ ತೆಗೆದು ಇಷ್ಟು ಬರೆಯುತ್ತಿದ್ದೇನೆ. ನಿನ್ನ ವಾರ್ಡಿಗೆ ಫೋನು ಮಾಡಿದ್ದೆ. ರಜೆ ಇತ್ತಂತೆ, ಹಬ್ಬದ ಡ್ಯೂಟಿಯನ್ನು ನೀನೇ ಕೇಳಿ ಹಾಕಿಸಿಕೊಂಡೆಯಂತೆ. ಯಾಕೆಂದು ನನಗೆ ಗೊತ್ತು. ತಂಗಿ ಹೋದ ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ಅಮ್ಮ, "ಬರೀ ಜ್ವರ ಅಂದ್ಯಲ್ಲೇ, ನೀನು ನರ್ಸಾಗಿ ಏನು ಬಂತು?" ಎಂದಳು. ಆ ಮಾತು ಸುಳ್ಳು. ಇಲ್ಲಿ ಮುಟ್ಟಿ ನೋಡಿದ ಡಾಕ್ಟರಿಗೇ ತಿಳಿಯದ್ದು ಫೋನಿನಲ್ಲಿ ಕೇಳಿದ ನಿನಗೆ ಹೇಗೆ ತಿಳಿಯಬೇಕಿತ್ತು? ಅಮ್ಮನಿಗೂ ಅದು ಗೊತ್ತು. ನಿನಗೆ ಬರೆಯಲು ಕೂತಳು, 'ಮಗಳೇ' ಎನ್ನುವುದರಿಂದ ಮುಂದಕ್ಕೆ ಪೆನ್ನು ಹೋಗಲಿಲ್ಲ. ಹಬ್ಬದ ದಿನವೇ ಆಗಬೇಕೆಂದಿಲ್ಲ, ಯಾವತ್ತಾದರೂ ಬಾ. ಅವಳ ಬಾಯಿಂದ ಮಾತು ಹೊರಡದೆ ಇರಬಹುದು. ಹೊರಗೆ ನಿಲ್ಲಬೇಡ, ಒಳಗೆ ಬಂದು ಅವಳನ್ನು ಚೆನ್ನಾಗಿ ಬೈ.