ಗಡ್ಡಪ್ಪನಿಗಾಗಿ ಬರೆದ ನಿಯಮ

ರೀ,

ನೀವು ರಾತ್ರಿ ಪಾಳಿ ಮುಗಿಸಿ ಮಲಗಿದ್ದೀರಿ, ಎಬ್ಬಿಸಲಿಲ್ಲ.

ಗಡ್ಡಪ್ಪನಿಗೆ ಒಂದು ಗಂಟೆಗೆ ಊಟ ಹಾಕಿ. ಕೂತ ಮೇಲೆಯೇ ಬಟ್ಟಲು ಇಡಿ. ಅದು ಅರ್ಧ ಟೆರಿಯರ್, ಅರ್ಧ ಬೀದಿನಾಯಿ. ಹಸಿವು ಮಾತ್ರ ಎರಡು ಪೂರ್ತಿ ನಾಯಿಗಳದ್ದು. ಮತ್ತೆ ಕೇಳಿದರೆ ಕರಗಬೇಡಿ. ಗಡ್ಡಕ್ಕೆ ಮೆತ್ತಿದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ.

ಒಂಟಿ ಬಿಟ್ಟರೆ ಊಳಿಡುವುದು ನಿಂತಿದೆ. ಕೆಳಮನೆಯವರು ನಿನ್ನೆ, "ಏನ್ರೀ, ಮೇಲೆ ಯಾರೂ ಇಲ್ವೇನೋ ಅನ್ನೋ ಹಾಗಿದೆ" ಅಂತ ನಕ್ಕರು. ನನಗೆ ನಗು ಬರಲಿಲ್ಲ.

ಹೋಗುವಾಗ ಬರುವಾಗ ನಾಯಿಯನ್ನು ಮಾತಾಡಿಸಬಾರದು, ಮುಖ ನೋಡಬಾರದು, ಆಗ ಊಳಿಡುವುದು ನಿಲ್ಲುತ್ತದೆ ಅಂತ ನಾಯಿ ಡಾಕ್ಟರು ಹೇಳಿದ್ದನ್ನು ಬರೆದು ಬಾಗಿಲಿಗೆ ಅಂಟಿಸಿದವಳು ನಾನೇ. ನೀವು ಒಂದು ದಿನವೂ ತಪ್ಪಿಸಿಲ್ಲ. ಆದರೆ ಬಾಗಿಲು ತೆಗೆಯುವವಳು ನಾನು. ಮೂರು ವಾರದಿಂದ ನನ್ನನ್ನೂ ಹಾಗೇ ದಾಟಿಕೊಂಡು ಒಳಗೆ ಹೋಗುತ್ತಿದ್ದೀರಿ.

ನಾನೇ ಸರಿಯಾಗಿ ಬರೆಯಲಿಲ್ಲವೇನೋ ಅಂತ ಬಾಗಿಲ ಚೀಟಿಯನ್ನು ಮತ್ತೆ ಓದಿ ನೋಡಿದೆ. "ನಾಯಿಯನ್ನು" ಅಂತಲೇ ಇದೆ.

ಸಂಜೆ ಆರಕ್ಕೆ ಬರುತ್ತೇನೆ. ಗಡ್ಡಪ್ಪ ಎಷ್ಟು ಕುಣಿದರೂ ನಾನು ನೋಡುವುದಿಲ್ಲ. ನೀವು ಮಾತ್ರ "ಬಂದ್ಯಾ?" ಅಂತ ಕೇಳಿ.