ಕಿತ್ತ ಉದ್ದಗಲ್ಲು

ಹಳೇ ಕೆಂಗೇರಿ,
ಶುಕ್ರವಾರ

ಶ್ರೀ ಗಿರಿರಾಜ್ ಅವರಿಗೆ ಕಲ್ಲುಕುಟಿಗ ಗುರುವಪ್ಪನ ನಮಸ್ಕಾರ.

ನಮ್ಮ ತಾತ ಓಬಳಪ್ಪ ಕಟ್ಟಿದ ಕಲ್ಲುಮನೆಯನ್ನು ನೀವು ಕೊಂಡು ಹೋಟೆಲು ಮಾಡಿದ್ದೀರಿ. ಭಾನುವಾರ ಉದ್ಘಾಟನೆಗೆ ಬಂದು ಉಳಿ ಹಿಡಿದು ಫೋಟೊಗೆ ನಿಲ್ಲಬೇಕೆಂದು ನನಗೆ ಹೇಳಿಕಳಿಸಿದ್ದೀರಿ. ಅದಕ್ಕೇ ನಿನ್ನೆ ಒಮ್ಮೆ ಬಂದು ನೋಡಿದೆ.

ಅದು ಎರಡು ಪದರದ ಗೋಡೆ. ಎರಡನ್ನೂ ಸೇರಿಸಿ ಹಿಡಿಯಲೆಂದೇ ತಾತ ಅಲ್ಲಲ್ಲಿ ಒಂದೊಂದು ಉದ್ದಗಲ್ಲನ್ನು ಆಚೆಯಿಂದ ಈಚೆಗೆ ಹಾಯಿಸಿ, ತುದಿಯನ್ನು ಗೇಣುದ್ದ ಹೊರಗೆ ಬಿಟ್ಟಿದ್ದ. ಅವುಗಳಲ್ಲಿ ಹನ್ನೊಂದು ಈಗ ಇಲ್ಲ. ಆ ತೂತುಗಳಲ್ಲಿ ಲೈಟು ಉರಿಯುತ್ತಿದೆ. ನಿಮ್ಮ ಇಂಜಿನಿಯರನ್ನು ಕೇಳಿದೆ.

"ಚಾಚ್ಕೊಂಡು ಅಸಹ್ಯವಾಗಿ ಕಾಣ್ತಿದ್ವು, ಕೀಳಿಸ್ದೆ. ನಿಮ್ ಕಾಲ್ದೋರಿಗೆ ಲೆವೆಲ್ ಗೊತ್ತಿರ್ಲಿಲ್ಲ ಬಿಡಿ" ಅಂದ.

ಓದಿದವನು, ಇರಲಿ. ಸಹಿ ಹಾಕಲೂ ಬಾರದ ತಾತನ ಗೋಡೆ ಎಪ್ಪತ್ತು ವರ್ಷ ಅಲುಗಲಿಲ್ಲ. ಇವನು ಕೈಯಿಟ್ಟ ಎರಡೇ ತಿಂಗಳಿಗೆ ಪಡುವಣ ಗೋಡೆ ಹೊಟ್ಟೆ ಬಿಟ್ಟು ಹೊರಗೆ ಉಬ್ಬಿದೆ. ಕಿತ್ತ ಕಲ್ಲುಗಳನ್ನು ಗಿರಾಕಿಗಳು ಕೂತು ಕಾಫಿ ಕುಡಿಯಲೆಂದು ಅಂಗಳದಲ್ಲಿ ಸಾಲಾಗಿ ಇಡಿಸಿದ್ದಾನೆ.

ಆ ಗೋಡೆಗೆ ಅಂಟಿಕೊಂಡೇ ನಿಮ್ಮ ವಾಚ್‌ಮನ್ ಚನ್ನವೀರಪ್ಪನ ಶೀಟಿನ ಮನೆ ಇದೆ. ಒಳಗೆ ಬಾಣಂತಿ ಮಗಳು ಮಲಗಿದ್ದಾಳೆ. ಈ ಪತ್ರ ಓದಿದ ಕೂಡಲೇ ಅವರನ್ನು ಬೇರೆ ಕಡೆ ಇರಿಸಿ, ಗೋಡೆ ಬೀಳದಂತೆ ಮರದ ಆನಿಕೆ ಕೊಡಿಸಿ. ಆಮೇಲೆ ಹೇಳಿಕಳಿಸಿದರೆ ಉಳಿ ತರುತ್ತೇನೆ, ಹನ್ನೊಂದನ್ನೂ ಮತ್ತೆ ಕೂರಿಸಿಕೊಡುತ್ತೇನೆ.

ಫೋಟೊಗೆ ಮಾತ್ರ ನಾನು ಬರುವುದಿಲ್ಲ. ನಿಮ್ಮ ಇಂಜಿನಿಯರೇ ನಿಲ್ಲಲಿ, ಪಡುವಣ ಗೋಡೆಗೆ ಒರಗಿಕೊಂಡು.

ಇಂತಿ,
ಓಬಳಪ್ಪನ ಮೊಮ್ಮಗ
ಗುರುವಪ್ಪ